ಗುಳಿಗೆಯ ವೇಷದಲ್ಲಿ ಬರುವ ವಿಷ: ಆತಂಕಶಮನದ ನಕಲಿ ಮಾತ್ರೆಗಳ ಕುರಿತು ಭಕ್ತರಿಗೆ ತಿಳಿವಳಿಕೆ



ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಾಗಲಿ, ತುಂಗಭದ್ರೆಯ ದಡದ ಹರಿಹರದಲ್ಲಾಗಲಿ, ಔಷಧಿ ಅಂಗಡಿಯವರು ಬಹುಮಟ್ಟಿಗೆ ನಮ್ಮ ಮನೆತನವನ್ನು ಬಲ್ಲವರೇ ಆಗಿರುತ್ತಾರೆ. ಜ್ವರದ ಮಾತ್ರೆ ಕೇಳುವಾಗ ಈ ಪರಿಚಯ ಅನುಕೂಲವಾಗುತ್ತದೆ. ಮನಸ್ಸಿನ ಕಳವಳಕ್ಕೆ ವೈದ್ಯರು ಬರೆದ ಚೀಟಿಯನ್ನು ಮುಂದಿಡುವಾಗ ಅದೇ ಪರಿಚಯ ಸಂಕೋಚಕ್ಕೆ ಕಾರಣವಾಗುತ್ತದೆ. ಆ ಸಂಕೋಚದಿಂದಲೇ ಕೆಲವರು ನೆರೆಮನೆಯವರ ಮಾತ್ರೆ ಬೇಡಿ ನುಂಗುತ್ತಾರೆ; ಹರೆಯದ ಮಕ್ಕಳು ಗೆಳೆಯರ ಮೂಲಕವೋ ಮೊಬೈಲಿನ ಗುಂಪುಗಳ ಮೂಲಕವೋ ಬಿಡಿ ಮಾತ್ರೆಗಳನ್ನು ತರಿಸಿಕೊಳ್ಳುತ್ತಾರೆ. ಹೀಗೆ ಬಂದ ಮಾತ್ರೆಯೊಳಗೆ ಏನಿರಬಹುದು ಎಂಬುದನ್ನು ಭಕ್ತರ ಗಮನಕ್ಕೆ ತರುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಆತಂಕಕ್ಕೆ ಕೊಡುವ ಔಷಧಿಗಳಲ್ಲಿ ಆಲ್ಪ್ರಜೋಲಾಮ್, ಡಯಾಜೆಪಾಮ್ ಮುಖ್ಯವಾದವು. ಜನರ ಬಾಯಲ್ಲಿ ಇವೆರಡೂ ‘ನಿದ್ದೆ ಗುಳಿಗೆ’. ಈ ಹೆಸರು ಅಷ್ಟು ಒಳ್ಳೆಯದಲ್ಲವೆಂದು ನಮ್ಮ ಅಭಿಪ್ರಾಯ; ನಿದ್ದೆ ಎಂಬ ಮಾತು ಸೇರಿದೊಡನೆ ಔಷಧಿಯ ಮೇಲಿನ ಎಚ್ಚರ ಹೊರಟುಹೋಗುತ್ತದೆ. ಕಾನೂನು ಇವುಗಳನ್ನು ಹಾಗೆ ಹಗುರವಾಗಿ ಕಂಡಿಲ್ಲ. 1985ರ ಮಾದಕವಸ್ತು ನಿಯಂತ್ರಣ ಕಾಯ್ದೆಯ ವ್ಯಾಪ್ತಿಯಲ್ಲಿ ಇವು ಬರುತ್ತವೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ‘ಎಚ್-1’ ಅನುಸೂಚಿಯ ಪ್ರಕಾರ, ವೈದ್ಯರ ಚೀಟಿಯಿಲ್ಲದೆ ಇವುಗಳನ್ನು ಮಾರುವಂತಿಲ್ಲ. ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಇಷ್ಟನ್ನೂ ಪ್ರತ್ಯೇಕ ದಾಖಲೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಆ ಪುಸ್ತಕವನ್ನು ಕಂಡು ನಮ್ಮವರು ಮುಜುಗರಪಡುತ್ತಾರೆ. ಆದರೆ ಮಾತ್ರೆ ಎಲ್ಲಿಂದ ಬಂತು, ಯಾರ ಕೈಗೆ ಹೋಯಿತು ಎಂಬುದಕ್ಕೆ ಇರುವ ಸಾಕ್ಷಿ ಅದೇ.

ದಾಖಲೆಯ ಹೊರಗೆ ಬರುವ ಮಾತ್ರೆಗೆ ಅಂಥ ಸಾಕ್ಷಿಯಿಲ್ಲ. ಪುಡಿಯನ್ನು ಒತ್ತಿ ಮಾತ್ರೆಯಾಗಿಸುವ ಯಂತ್ರವೂ ಅಚ್ಚೂ ಕಳ್ಳ ತಯಾರಕರ ಕೈಗೆ ಸಿಕ್ಕಿ ಬಹಳ ಕಾಲವಾಯಿತು. ಬಣ್ಣ, ಆಕಾರ, ಮೇಲಿನ ಅಕ್ಷರ ಎಲ್ಲವನ್ನೂ ಅಸಲಿಯಂತೆಯೇ ಮಾಡುತ್ತಾರೆ. ಒಳಗೆ ಮಾತ್ರ ಆಲ್ಪ್ರಜೋಲಾಮ್ ಬದಲಿಗೆ, ಇಲ್ಲವೆ ಅದರ ಜೊತೆಗೆ, ಫೆಂಟನಿಲ್‌ನಂಥ ಓಪಿಯಾಯ್ಡ್ ಇರುತ್ತದೆ. ಓಪಿಯಾಯ್ಡ್ ಎಂದರೆ ಅಫೀಮಿನ ಬಳಗಕ್ಕೆ ಸೇರಿದ, ಅದರಂತೆಯೇ ಕೆಲಸಮಾಡುವ ನೋವುನಿವಾರಕ. ಫೆಂಟನಿಲ್ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಅರಿವಳಿಕೆ ತಜ್ಞರು ಅಳೆದು ಕೊಡುವ ಒಳ್ಳೆಯ ಔಷಧಿಯೇ ಹೌದು. ಅಳತೆ ತಪ್ಪಿದರೆ ಎರಡು ಮಿಲಿಗ್ರಾಂ, ಅಂದರೆ ಕೆಲವು ಉಪ್ಪಿನ ಹರಳುಗಳಷ್ಟು, ಜೀವ ತೆಗೆಯಬಲ್ಲದು. ಕಳ್ಳ ತಯಾರಕನು ಪುಡಿಯನ್ನು ಹದವಾಗಿ ಬೆರೆಸುವುದಿಲ್ಲವಾದ್ದರಿಂದ, ಒಂದೇ ಪೊಟ್ಟಣದ ಒಂದು ಮಾತ್ರೆಯಲ್ಲಿ ಏನೂ ಇಲ್ಲದಿರಬಹುದು, ಮತ್ತೊಂದರಲ್ಲಿ ಸಾವೇ ಇರಬಹುದು. ‘ಗೆಳೆಯ ನುಂಗಿದ, ಏನೂ ಆಗಲಿಲ್ಲ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಈ ಅಪಾಯದ ದೊಡ್ಡ ದಾಖಲೆಗಳಿರುವುದು ಹೊರದೇಶಗಳಲ್ಲಿ. ಅಮೆರಿಕದ ಮಾದಕವಸ್ತು ನಿಯಂತ್ರಣ ಇಲಾಖೆಯು ತಾನು ವಶಪಡಿಸಿಕೊಂಡ ಫೆಂಟನಿಲ್ ಬೆರೆತ ನಕಲಿ ಮಾತ್ರೆಗಳನ್ನು ಪರೀಕ್ಷಿಸಿದಾಗ, 2023ರಲ್ಲಿ ಹತ್ತರಲ್ಲಿ ಏಳರಲ್ಲಿಯೂ, 2024ರಲ್ಲಿ ಹತ್ತರಲ್ಲಿ ಐದರಲ್ಲಿಯೂ ಪ್ರಾಣಾಂತಕ ಪ್ರಮಾಣ ಕಂಡುಬಂದಿತು. ಅಲ್ಲಿ ಹೆಚ್ಚಾಗಿ ನಕಲಾಗುವ ಮಾತ್ರೆಗಳಲ್ಲಿ ಆಲ್ಪ್ರಜೋಲಾಮ್‌ನ ಪ್ರಸಿದ್ಧ ಬ್ರಾಂಡ್ ಆದ ಜಾನಾಕ್ಸ್ ಒಂದು. ಬ್ರಿಟನ್ ಮತ್ತು ಆಸ್ಟ್ರೇಲಿಯಗಳಲ್ಲಿ ನಕಲಿ ಆತಂಕಶಮನ ಮಾತ್ರೆಗಳೊಳಗೆ ನಿಟಾಜೀನ್ ಎಂಬ ಮತ್ತೊಂದು ಗುಂಪಿನ ಓಪಿಯಾಯ್ಡ್ ಸಿಕ್ಕಿದೆ. 1950ರ ದಶಕದಲ್ಲಿ ಕಂಡುಹಿಡಿದು, ಅಪಾಯಕಾರಿಯೆಂದು ಔಷಧಿಯಾಗಿ ಮಾರುಕಟ್ಟೆಗೇ ಬಿಡದ ವಸ್ತು ಅದು. ದಾವಣಗೆರೆಯ ಎಷ್ಟೋ ಮನೆಗಳ ಮಕ್ಕಳು ಇಂದು ಈ ದೇಶಗಳಲ್ಲಿ ಓದುತ್ತಿದ್ದಾರೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಾರದೆ ಕೊಠಡಿಯ ಸಂಗಾತಿಯಿಂದ ಒಂದು ಮಾತ್ರೆ ಪಡೆಯುವುದು ಅವರಿಗೆ ದುಶ್ಚಟವೆಂದೇ ತೋರದು. ವಾರಕ್ಕೊಮ್ಮೆ ಫೋನಿನಲ್ಲಿ ಊಟ, ಚಳಿ ವಿಚಾರಿಸುವ ತಂದೆತಾಯಿಗಳು ಇದನ್ನೂ ಒಮ್ಮೆ ಬಾಯಿಬಿಟ್ಟು ಹೇಳಬೇಕು.

ಇದು ದೂರದ ಸಂಗತಿಯೆಂದು ನಾವು ನೆಮ್ಮದಿಯಿಂದಿರುವಂತಿಲ್ಲ. 2025ರ ಜುಲೈನಲ್ಲಿ ಹೈದರಾಬಾದಿನ ಕುಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವರು ಪ್ರಾಣ ಕಳೆದುಕೊಂಡರು. ಆ ಸೇಂದಿಯಲ್ಲಿ ಬೆರೆತಿದ್ದುದು ಇದೇ ಆಲ್ಪ್ರಜೋಲಾಮ್. ಔಷಧಿಯಾಗಬೇಕಾದ ಪುಡಿ ನೆರೆರಾಜ್ಯದಲ್ಲಿ ಕಳ್ಳದಾರಿಯಲ್ಲಿ ಹರಿಯುತ್ತಿದೆ ಎಂಬುದಕ್ಕೆ ಬೇರೆ ನಿದರ್ಶನ ಬೇಡ. ಅದೇ ವರ್ಷದ ಫೆಬ್ರವರಿಯಲ್ಲಿ ಬಿಬಿಸಿಯ ತನಿಖಾ ವರದಿಯೊಂದು, ಟಪೆಂಟಡಾಲ್ ಎಂಬ ಓಪಿಯಾಯ್ಡ್ ಮತ್ತು ಕ್ಯಾರಿಸೊಪ್ರೊಡಾಲ್ ಎಂಬ ಮಂಪರು ತರುವ ಔಷಧಿ ಎರಡನ್ನೂ ಸೇರಿಸಿದ ಮಾತ್ರೆಗಳು ನಮ್ಮ ದೇಶದಿಂದಲೇ ಪಶ್ಚಿಮ ಆಫ್ರಿಕಕ್ಕೆ ಹೋಗಿ ಅಲ್ಲಿಯ ಯುವಜನರನ್ನು ಹಾಳುಮಾಡುತ್ತಿರುವುದನ್ನು ಬಯಲಿಗೆಳೆಯಿತು. ಆ ಮಿಶ್ರಣದ ತಯಾರಿಕೆ ಮತ್ತು ರಫ್ತಿಗೆ ಕೊಟ್ಟಿದ್ದ ಅನುಮತಿಗಳನ್ನು ಹಿಂಪಡೆಯಲು ಕೇಂದ್ರದ ಅಧಿಕಾರಿಗಳು ಕೂಡಲೇ ಆದೇಶಿಸಿದರು.

ಎರಡು ಔಷಧಿಗಳು ಕೂಡಿದಾಗ ಇಷ್ಟು ಘೋರವೇಕೆ? ಆತಂಕಶಮನದ ಮಾತ್ರೆ ಮಿದುಳಿನ ಚುರುಕನ್ನು ತಗ್ಗಿಸಿ ಗಾಢ ಮಂಪರು ತರುತ್ತದೆ. ಓಪಿಯಾಯ್ಡ್ ಮಿದುಳಿನ ಕಾಂಡದಲ್ಲಿರುವ ಉಸಿರಾಟದ ಕೇಂದ್ರವನ್ನೇ ಮಂಕಾಗಿಸುತ್ತದೆ. ಉಸಿರು ಕಡಿಮೆಯಾದಾಗ ದೇಹವು ನಮ್ಮನ್ನು ಬಡಿದೆಬ್ಬಿಸಬೇಕು; ಆ ಎಚ್ಚರವೂ ಮುಳುಗಿರುತ್ತದೆ. ವೈದ್ಯರೇ ಬರೆದುಕೊಡುವ ಸಂದರ್ಭದಲ್ಲಿಯೂ ಈ ಎರಡರ ಜೋಡಿಯ ಬಗ್ಗೆ ಅಮೆರಿಕದ ಔಷಧ ಆಡಳಿತವು 2016ರಲ್ಲಿ ತನ್ನ ಅತ್ಯಂತ ಕಠಿಣ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿತು. ಮದ್ಯ ಸೇರಿದರೆ ಅಪಾಯ ಇನ್ನೂ ಹೆಚ್ಚು.

ಮನೆಯಲ್ಲಿ ಯಾರಾದರೂ ಕರೆದರೂ ಅಲುಗಿಸಿದರೂ ಏಳದಿದ್ದರೆ, ಉಸಿರು ಬಹಳ ನಿಧಾನವಾಗಿ ಗೊರಗೊರ ಸದ್ದು ಬರುತ್ತಿದ್ದರೆ, ತುಟಿ ಉಗುರುಗಳು ನೀಲಿಗಟ್ಟಿದ್ದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ, ‘ಮಲಗಲಿ, ಬೆಳಿಗ್ಗೆ ಸರಿಹೋಗುತ್ತದೆ’ ಎಂದು ಬಿಡಬಾರದು. ಆ ಗೊರಕೆ ನಿದ್ದೆಯದಲ್ಲ. ತಕ್ಷಣ 108ಕ್ಕೆ ಕರೆಮಾಡಿ, ಏನು ನುಂಗಿದ್ದಾರೆಂಬ ಸಂಶಯವಿದೆಯೋ ಅದನ್ನು ಮುಚ್ಚಿಡದೆ ಹೇಳಬೇಕು. ವ್ಯಕ್ತಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. ಅಮಲು ಇಳಿಯಲೆಂದು ನಿಂಬೆಹಣ್ಣಿನ ರಸ, ಮಜ್ಜಿಗೆ ಹೊಯ್ಯುವ ರೂಢಿ ನಮ್ಮಲ್ಲಿದೆ. ಎಚ್ಚರವಿಲ್ಲದವರ ಬಾಯಿಗೆ ಏನನ್ನು ಹೊಯ್ದರೂ ಅದು ಶ್ವಾಸನಾಳಕ್ಕೆ ಇಳಿಯುವ ಸಂಭವವುಂಟು. ಓಪಿಯಾಯ್ಡ್‌ಗೆ ನಾಲೋಕ್ಸೋನ್ ಎಂಬ ಪ್ರತ್ಯೌಷಧವಿದೆ. ನಮ್ಮಲ್ಲಿ ಅದನ್ನು ಆಸ್ಪತ್ರೆಯಲ್ಲಿ ಚುಚ್ಚುಮದ್ದಾಗಿ ಕೊಡುತ್ತಾರೆ. ಅಮೆರಿಕದಲ್ಲಿ ಮೂಗಿಗೆ ಸಿಂಪಡಿಸುವ ರೂಪದಲ್ಲಿ ಚೀಟಿಯಿಲ್ಲದೆಯೇ ದೊರೆಯುತ್ತದೆ, ಅಲ್ಲಿರುವ ಮಕ್ಕಳು ಇಟ್ಟುಕೊಳ್ಳಬಹುದು. ಅದು ಆಲ್ಪ್ರಜೋಲಾಮ್‌ನ ಮಂಪರನ್ನು ತೆಗೆಯುವುದಿಲ್ಲ, ಅದರ ಪರಿಣಾಮವೂ ಬೇಗ ಇಳಿಯುತ್ತದೆ. ಆದ್ದರಿಂದ ಎಚ್ಚರವಾದ ಮೇಲೂ ಆಸ್ಪತ್ರೆ ತಪ್ಪಿಸುವಂತಿಲ್ಲ.

ಇನ್ನೊಂದು ಮಾತು. ಇಳಕಲ್ಲಿನ ಪೂಜ್ಯ ಡಾ. ಮಹಾಂತ ಶಿವಯೋಗಿಗಳು 1975ರಿಂದ ‘ಮಹಾಂತ ಜೋಳಿಗೆ’ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ ಪರಂಪರೆ ನಮ್ಮದು. ಅವರ ಜನ್ಮದಿನವಾದ ಆಗಸ್ಟ್ 1 ನಾಡಿಗೆ ವ್ಯಸನಮುಕ್ತ ದಿನ. ಆದರೆ ಬೀಡಿ, ಗುಟ್ಕಾ ಹಾಕಿದ ಹಾಗೆ ವೈದ್ಯರು ಬರೆದ ಆತಂಕದ ಮಾತ್ರೆಯನ್ನು ಭಾವಾವೇಶದಲ್ಲಿ ಜೋಳಿಗೆಗೆ ಹಾಕಬೇಡಿರಿ. ಹಲವು ವಾರಗಳಿಂದ ತೆಗೆದುಕೊಳ್ಳುತ್ತಿರುವ ಈ ಔಷಧಿಯನ್ನು ಒಮ್ಮೆಲೇ ನಿಲ್ಲಿಸಿದರೆ ಅಪಸ್ಮಾರದಂಥ ಸೆಳವು ಬರಬಹುದು. ವೈದ್ಯರೇ ಪ್ರಮಾಣವನ್ನು ಹಂತಹಂತವಾಗಿ ಇಳಿಸಬೇಕು. ಈ ಲೇಖನ ಓದಿ ಹೆದರಿ, ಅಂಗಡಿಯಿಂದ ರಸೀದಿ ಸಮೇತ ತಂದ ಮಾತ್ರೆಯನ್ನು ಚರಂಡಿಗೆ ಎಸೆಯುವ ಅಗತ್ಯವಿಲ್ಲ.

ಸಂಕೋಚವಿರುವವರಿಗೆ ದಾರಿಗಳಿವೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನಗರದ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಅಲ್ಲಿ ಹೇಳಿದ್ದನ್ನು ಗೌಪ್ಯವಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರೋಗಿಯ ಹಕ್ಕು. ಕಳ್ಳದಾರಿಯ ಮಾತ್ರೆಗೆ ಈಗಾಗಲೇ ಅಂಟಿಕೊಂಡ ಮಕ್ಕಳು ಪೊಲೀಸರ ಭಯದಿಂದ ಚಿಕಿತ್ಸೆಗೆ ಹಿಂಜರಿಯುತ್ತಾರೆ. ಮಾದಕವಸ್ತು ಕಾಯ್ದೆಯ 64ಎ ಕಲಮಿನಡಿ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣವಿದ್ದವರು ತಾವಾಗಿಯೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾಗಿ ಅದನ್ನು ಪೂರ್ಣಗೊಳಿಸಿದರೆ ಅವರಿಗೆ ಮೊಕದ್ದಮೆಯಿಂದ ರಕ್ಷಣೆಯುಂಟು.