ಕ್ರೋನ್ಸ್ ಕಾಯಿಲೆಯ ಶಸ್ತ್ರಚಿಕಿತ್ಸೆ ಮತ್ತು ಎರಡನೇ ವೈದ್ಯಕೀಯ ಅಭಿಪ್ರಾಯ

ಕ್ರೋನ್ಸ್ ಕಾಯಿಲೆಯ ಶಸ್ತ್ರಚಿಕಿತ್ಸೆಗೆ ಮುನ್ನ ಪಡೆಯುವ ಎರಡನೇ ವೈದ್ಯಕೀಯ ಅಭಿಪ್ರಾಯ ಎಂದರೆ, ಕರುಳಿನ ಒಂದು ಭಾಗವನ್ನು ತೆಗೆದುಹಾಕುವಂತೆ ಅಥವಾ ಸರಿಪಡಿಸುವಂತೆ ಒಬ್ಬ ವೈದ್ಯರು ಸಲಹೆ ನೀಡಿದ ಬಳಿಕ, ಮೊದಲ ತಂಡಕ್ಕೆ ಸೇರದ ಮತ್ತೊಬ್ಬ ತಜ್ಞರಿಂದ ಆ ಸಲಹೆಯನ್ನು ಮರುಪರಿಶೀಲನೆಗೆ ಒಳಪಡಿಸುವ ಕ್ರಮವಾಗಿದೆ. ರೋಗನಿರ್ಣಯ ಸರಿಯಾಗಿದೆಯೇ, ಶಸ್ತ್ರಚಿಕಿತ್ಸೆ ಅಗತ್ಯವೇ, ಅಗತ್ಯವಿದ್ದರೆ ಯಾವಾಗ ಮತ್ತು ಯಾವ ವಿಧಾನದಲ್ಲಿ ಎಂಬ ಪ್ರಶ್ನೆಗಳು ಇದರಲ್ಲಿ ಮುಖ್ಯವಾಗುತ್ತವೆ. ಕತ್ತರಿಸಿದ ಕರುಳನ್ನು ಮರಳಿ ಪಡೆಯಲಾಗದು. ಶಸ್ತ್ರಚಿಕಿತ್ಸೆಯಿಂದ ಈ ಕಾಯಿಲೆ ಸಂಪೂರ್ಣವಾಗಿ ಗುಣವಾಗುವುದೂ ಇಲ್ಲ. ಈ ಎರಡು ಕಾರಣಗಳಿಂದ ಯೋಜಿತ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಎರಡನೇ ಅಭಿಪ್ರಾಯಕ್ಕೆ ವಿಶೇಷ ಮಹತ್ವವಿದೆ. ಆದರೆ ತುರ್ತು ಸಂದರ್ಭಗಳಲ್ಲಿ ಅದಕ್ಕಾಗಿ ಕಾಯುವುದು ಪ್ರಾಣಾಪಾಯಕ್ಕೆ ಕಾರಣವಾಗಬಹುದು.

ಹಿನ್ನೆಲೆ

ಕ್ರೋನ್ಸ್ ಕಾಯಿಲೆಯು ಜೀರ್ಣನಾಳದ ದೀರ್ಘಕಾಲಿಕ ಉರಿಯೂತದ ಕಾಯಿಲೆ. ಬಾಯಿಯಿಂದ ಗುದದ್ವಾರದವರೆಗೆ ಯಾವ ಭಾಗದಲ್ಲಾದರೂ ಇದು ಕಾಣಿಸಿಕೊಳ್ಳಬಹುದಾದರೂ, ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಂ ಮತ್ತು ದೊಡ್ಡ ಕರುಳಿನ ಆರಂಭದ ಭಾಗದಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಉರಿಯೂತವು ಕರುಳಿನ ಒಳಪದರಕ್ಕಷ್ಟೇ ಸೀಮಿತವಾಗದೆ ಗೋಡೆಯ ಎಲ್ಲ ಪದರಗಳನ್ನೂ ವ್ಯಾಪಿಸುತ್ತದೆ. ಇದರಿಂದ ಕಾಲಕ್ರಮೇಣ ಕರುಳು ಕಿರಿದಾಗಬಹುದು (ಸ್ಟ್ರಿಕ್ಚರ್), ಕರುಳಿನಿಂದ ಪಕ್ಕದ ಅಂಗಕ್ಕೆ ಅಥವಾ ಚರ್ಮಕ್ಕೆ ಅಸಹಜ ನಾಳ ಉಂಟಾಗಬಹುದು (ಫಿಸ್ಟುಲಾ), ಹೊಟ್ಟೆಯೊಳಗೆ ಕೀವು ಸಂಗ್ರಹವಾಗಬಹುದು. ಶಸ್ತ್ರಚಿಕಿತ್ಸೆಯ ಸಲಹೆ ಬರುವುದು ಬಹುಪಾಲು ಈ ತೊಡಕುಗಳಿಂದ, ಅಥವಾ ಔಷಧಗಳಿಗೆ ಕಾಯಿಲೆ ಬಗ್ಗದಿದ್ದಾಗ. ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುವುದು ಮತ್ತು ಕರುಳಿನಲ್ಲಿ ಕ್ಯಾನ್ಸರ್ ಅಥವಾ ಅದರ ಪೂರ್ವಭಾವಿ ಬದಲಾವಣೆಗಳು ಕಂಡುಬರುವುದು ಇತರ ಕಾರಣಗಳು.

ಇತಿಹಾಸ

ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಥಾಮಸ್ ಕೆನಡಿ ಡಾಲ್ಜೀಲ್ 1913ರಲ್ಲಿ ಇಂತಹ ಕಾಯಿಲೆಯನ್ನು ವರ್ಣಿಸಿದ್ದರು. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರ್ರಿಲ್ ಕ್ರೋನ್, ಲಿಯಾನ್ ಗಿಂಜ್‌ಬರ್ಗ್ ಮತ್ತು ಗಾರ್ಡನ್ ಒಪೆನ್‌ಹೈಮರ್ 14 ರೋಗಿಗಳ ವಿವರಗಳನ್ನು ಪ್ರಕಟಿಸಿದ ನಂತರ ಇದು ಪ್ರತ್ಯೇಕ ಕಾಯಿಲೆಯೆಂದು ವ್ಯಾಪಕವಾಗಿ ಗುರುತಿಸಲ್ಪಟ್ಟಿತು.

ಶಸ್ತ್ರಚಿಕಿತ್ಸೆಯ ಬಗೆಗಿನ ತಿಳಿವಳಿಕೆ ಅಂದಿನಿಂದ ಹಲವು ಬಾರಿ ಬದಲಾಗಿದೆ. ಅಮೆರಿಕದ ಅಧ್ಯಕ್ಷ ಡ್ವೈಟ್ ಐಸೆನ್‌ಹೋವರ್ ಅವರಿಗೆ 1956ರ ಜೂನ್‌ನಲ್ಲಿ ಕರುಳಿನ ತಡೆ ಉಂಟಾದಾಗ, ಹಿಂದಿನ ವರ್ಷವಷ್ಟೇ ಅವರಿಗೆ ಹೃದಯಾಘಾತವಾಗಿತ್ತು. ವೈದ್ಯರ ಸಮಾಲೋಚನೆಯ ಬಳಿಕ ಲಿಯೊನಾರ್ಡ್ ಹೀಟನ್ ಅವರು ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಸಿದರು. ರೋಗಪೀಡಿತ ಭಾಗವನ್ನು ತೆಗೆಯದೆ, ಅದನ್ನು ಬಳಸಿಹೋಗುವಂತೆ ಕರುಳನ್ನು ಜೋಡಿಸುವ ಬೈಪಾಸ್ ವಿಧಾನವನ್ನು ಆಗ ಅನುಸರಿಸಲಾಯಿತು. ಒಳಗೇ ಉಳಿದ ಭಾಗದಲ್ಲಿ ಕಾಯಿಲೆ ಮುಂದುವರಿಯುವುದು ಮತ್ತು ಕ್ಯಾನ್ಸರ್ ಉಂಟಾಗುವ ಅಪಾಯ ಇರುವುದು ತಿಳಿದ ಮೇಲೆ ಈ ವಿಧಾನದ ಬಳಕೆ ತೀರಾ ಕಡಿಮೆಯಾಯಿತು.

ಮರುಕಳಿಕೆಯನ್ನು ತಡೆಯಬಹುದೆಂಬ ನಂಬಿಕೆಯಿಂದ ಆರೋಗ್ಯವಂತ ಕರುಳನ್ನೂ ಸಾಕಷ್ಟು ಸೇರಿಸಿ ಕತ್ತರಿಸುವ ಪದ್ಧತಿಯೂ ಒಂದು ಕಾಲದಲ್ಲಿತ್ತು. 1996ರಲ್ಲಿ ವಿಕ್ಟರ್ ಫಾಜಿಯೊ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆಯ ಅಂಚಿನಿಂದ 2 ಸೆಂ.ಮೀ. ಬಿಟ್ಟು ಕತ್ತರಿಸಿದವರಿಗೂ 12 ಸೆಂ.ಮೀ. ಬಿಟ್ಟು ಕತ್ತರಿಸಿದವರಿಗೂ ಮರುಕಳಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸಾಧ್ಯವಾದಷ್ಟು ಕರುಳನ್ನು ಉಳಿಸಿಕೊಳ್ಳುವುದು ಇಂದಿನ ಶಸ್ತ್ರಚಿಕಿತ್ಸೆಯ ಮೂಲತತ್ತ್ವವಾಗಿದೆ.

ಎರಡನೇ ಅಭಿಪ್ರಾಯಕ್ಕೆ ಕಾಯಬಾರದ ಸಂದರ್ಭಗಳು

ಕರುಳು ರಂಧ್ರಗೊಂಡು ಹೊಟ್ಟೆಯೊಳಗೆ ಸೋಂಕು ಹರಡಿರುವುದು, ನಿಲ್ಲದ ತೀವ್ರ ರಕ್ತಸ್ರಾವ, ರಕ್ತಸಂಚಾರಕ್ಕೆ ಅಡ್ಡಿಯುಂಟುಮಾಡುವ ಸಂಪೂರ್ಣ ಕರುಳಿನ ತಡೆ, ದೊಡ್ಡ ಕರುಳು ವಿಪರೀತವಾಗಿ ಉಬ್ಬುವ ಟಾಕ್ಸಿಕ್ ಮೆಗಾಕೋಲನ್ ಇವು ತುರ್ತು ಸ್ಥಿತಿಗಳು. ಇವುಗಳಲ್ಲಿ ಚಿಕಿತ್ಸೆಯನ್ನು ಗಂಟೆಗಳ ಲೆಕ್ಕದಲ್ಲಿ ನಿರ್ಧರಿಸಬೇಕಾಗುತ್ತದೆ. ಇಂತಹ ವೇಳೆಯಲ್ಲಿ ಅದೇ ಆಸ್ಪತ್ರೆಯ ಮತ್ತೊಬ್ಬ ಹಿರಿಯ ಶಸ್ತ್ರವೈದ್ಯರ ಅಭಿಪ್ರಾಯವನ್ನು ಕೂಡಲೇ ಕೇಳಬಹುದೇ ಹೊರತು, ಬೇರೆ ಊರಿನ ತಜ್ಞರ ಭೇಟಿಗಾಗಿ ದಿನಗಳನ್ನು ಕಳೆಯುವುದು ಸರಿಯಲ್ಲ.

ಹೊಟ್ಟೆಯೊಳಗೆ ಕೀವು ತುಂಬಿರುವ ಸ್ಥಿತಿ ಇವೆರಡರ ನಡುವಿನದು. ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ ಮೊದಲು ಆಂಟಿಬಯಾಟಿಕ್ ನೀಡಿ, ಸ್ಕ್ಯಾನ್ ನೆರವಿನಿಂದ ಚರ್ಮದ ಮೂಲಕ ಕೊಳವೆ ಹಾಕಿ ಕೀವನ್ನು ಹೊರತೆಗೆಯಲಾಗುತ್ತದೆ. ಸೋಂಕು ತಗ್ಗಿ ಪೌಷ್ಟಿಕತೆ ಸುಧಾರಿಸಿದ ನಂತರ ಯೋಜಿತ ರೀತಿಯಲ್ಲಿ ಶಸ್ತ್ರಚಿಕಿತ್ಸೆ ನಡೆಸಬಹುದು. ಈ ಬಿಡುವಿನ ಅವಧಿಯು ಎರಡನೇ ಅಭಿಪ್ರಾಯಕ್ಕೂ ಅವಕಾಶ ಕೊಡುತ್ತದೆ.

ಮರುಪರಿಶೀಲನೆಗೆ ಒಳಪಡುವ ವಿಷಯಗಳು

ರೋಗನಿರ್ಣಯ: ಭಾರತದಲ್ಲಿ ಎರಡನೇ ಅಭಿಪ್ರಾಯದ ಮೊದಲ ಪ್ರಶ್ನೆ ಕರುಳಿನ ಕ್ಷಯಕ್ಕೆ ಸಂಬಂಧಿಸಿರುತ್ತದೆ. ಕ್ಷಯವೂ ಕ್ರೋನ್ಸ್ ಕಾಯಿಲೆಯೂ ಸಣ್ಣ ಮತ್ತು ದೊಡ್ಡ ಕರುಳು ಕೂಡುವ ಭಾಗವನ್ನೇ ಹೆಚ್ಚಾಗಿ ಬಾಧಿಸುತ್ತವೆ. ಎರಡರಲ್ಲೂ ಹೊಟ್ಟೆನೋವು, ತೂಕ ಇಳಿಕೆ, ಹುಣ್ಣು ಮತ್ತು ಕರುಳಿನ ಕಿರಿದಾಗುವಿಕೆ ಕಂಡುಬರುತ್ತವೆ. ಅಂಗಾಂಶ ಪರೀಕ್ಷೆಯಲ್ಲಿ ಗ್ರಾನ್ಯುಲೋಮಾಗಳು ಎರಡರಲ್ಲೂ ಕಾಣಬಹುದು. ಮಧ್ಯಭಾಗ ಕೊಳೆತ ಗ್ರಾನ್ಯುಲೋಮಾ ಅಥವಾ ಕ್ಷಯದ ಬ್ಯಾಕ್ಟೀರಿಯಾ ಪತ್ತೆಯಾದರೆ ಕ್ಷಯವೆಂಬುದು ಬಹುಮಟ್ಟಿಗೆ ಖಚಿತವಾಗುತ್ತದೆ, ಆದರೆ ಹಲವು ರೋಗಿಗಳಲ್ಲಿ ಇವು ಸಿಗುವುದಿಲ್ಲ. ಆಗ ಕ್ಷಯದ ಔಷಧಗಳನ್ನು ನೀಡಿ, ಸುಮಾರು ಎರಡು ತಿಂಗಳ ನಂತರ ಕೊಲೊನೋಸ್ಕೋಪಿ ಮೂಲಕ ಹುಣ್ಣುಗಳು ಮಾಯುತ್ತಿವೆಯೇ ಎಂದು ನೋಡುವ ಪದ್ಧತಿಯಿದೆ. ಕ್ಷಯವನ್ನು ಕ್ರೋನ್ಸ್ ಎಂದು ತಪ್ಪಾಗಿ ತಿಳಿದು ಸ್ಟಿರಾಯ್ಡ್ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ನೀಡಿದರೆ ಸೋಂಕು ಉಲ್ಬಣಿಸಬಹುದು. ಕ್ರೋನ್ಸ್ ಅನ್ನು ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಚಿಕಿತ್ಸೆ ನೀಡಿದರೆ, ಆ ಅವಧಿಯಲ್ಲಿ ಕರುಳಿನ ಹಾನಿ ಮುಂದುವರಿಯುತ್ತದೆ. ಆದ್ದರಿಂದ ಹಳೆಯ ಬಯಾಪ್ಸಿ ಸ್ಲೈಡುಗಳನ್ನು ಮತ್ತೊಬ್ಬ ಅನುಭವಿ ರೋಗಶಾಸ್ತ್ರಜ್ಞರಿಂದ ಓದಿಸುವುದು ಎರಡನೇ ಅಭಿಪ್ರಾಯದ ಪ್ರಮುಖ ಅಂಗವಾಗಿದೆ.

ಕಿರಿದಾಗುವಿಕೆಯ ಸ್ವರೂಪ: ಕರುಳು ಕಿರಿದಾಗಿರುವುದು ಊತದಿಂದಲೋ ಗಾಯದ ನಾರಿನಂಶದಿಂದಲೋ ಎಂಬುದರ ಮೇಲೆ ಚಿಕಿತ್ಸೆ ಅವಲಂಬಿಸಿದೆ. ಊತಕ್ಕೆ ಔಷಧ ಪ್ರತಿಕ್ರಿಯೆ ನೀಡುತ್ತದೆ. ನಾರುಗಟ್ಟಿದ ಭಾಗಕ್ಕೆ ಔಷಧದಿಂದ ಹೆಚ್ಚಿನ ಪ್ರಯೋಜನವಿಲ್ಲ. ವಾಸ್ತವದಲ್ಲಿ ಎರಡೂ ಬೆರೆತಿರುವುದೇ ಹೆಚ್ಚು. ಎಂ.ಆರ್. ಎಂಟೆರೋಗ್ರಫಿ, ಸಿ.ಟಿ. ಸ್ಕ್ಯಾನ್, ರಕ್ತದಲ್ಲಿನ ಸಿ-ರಿಯಾಕ್ಟಿವ್ ಪ್ರೋಟೀನ್ ಮತ್ತು ಮಲದಲ್ಲಿನ ಕ್ಯಾಲ್‌ಪ್ರೊಟೆಕ್ಟಿನ್ ಪ್ರಮಾಣ ಇದನ್ನು ಅಂದಾಜಿಸಲು ನೆರವಾಗುತ್ತವೆ.

ಔಷಧ ಚಿಕಿತ್ಸೆಯ ಪೂರ್ಣತೆ: ಅಜಾಥಯೋಪ್ರಿನ್, ಮೆಥೊಟ್ರೆಕ್ಸೇಟ್, ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್, ವೆಡೊಲಿಜುಮ್ಯಾಬ್, ಉಸ್ಟೆಕಿನುಮ್ಯಾಬ್ ಮೊದಲಾದ ಔಷಧಗಳಲ್ಲಿ ಯಾವುವನ್ನು ಬಳಸಲಾಗಿತ್ತು, ಸಾಕಷ್ಟು ಪ್ರಮಾಣದಲ್ಲಿ ಮತ್ತು ಸಾಕಷ್ಟು ಕಾಲ ನೀಡಲಾಗಿತ್ತೇ ಎಂಬುದನ್ನು ಪರಿಶೀಲಿಸಲಾಗುತ್ತದೆ. ರಕ್ತದಲ್ಲಿನ ಔಷಧದ ಮಟ್ಟ ಕಡಿಮೆಯಿದ್ದರೆ, ಔಷಧ ವಿಫಲವಾಯಿತೆಂಬ ತೀರ್ಮಾನವೇ ಬದಲಾಗಬಹುದು.

ಪರ್ಯಾಯ ವಿಧಾನಗಳು: ಸುಮಾರು 5 ಸೆಂ.ಮೀ.ಗಿಂತ ಕಡಿಮೆ ಉದ್ದದ, ಎಂಡೋಸ್ಕೋಪಿಗೆ ಎಟುಕುವ, ಕೀವು ಅಥವಾ ಫಿಸ್ಟುಲಾ ಇಲ್ಲದ ಕಿರಿದಾಗುವಿಕೆಯನ್ನು ಬಲೂನಿನಿಂದ ಹಿಗ್ಗಿಸಲು ಸಾಧ್ಯವಿದೆ. ಕರುಳನ್ನು ತೆಗೆಯದೆ ಉದ್ದಕ್ಕೆ ಸೀಳಿ ಅಡ್ಡಲಾಗಿ ಹೊಲಿದು ಅಗಲಗೊಳಿಸುವ ವಿಧಾನಕ್ಕೆ ಸ್ಟ್ರಿಕ್ಚರೋಪ್ಲಾಸ್ಟಿ ಎಂದು ಹೆಸರು. ಇದರ ಹಿಂದೆ ಭಾರತದ ಕೊಡುಗೆಯಿದೆ: ಆರ್. ಎನ್. ಕಟಾರಿಯಾ ಮತ್ತು ಸಹೋದ್ಯೋಗಿಗಳು ಕ್ಷಯದಿಂದ ಕಿರಿದಾದ ಕರುಳಿಗೆ ಈ ವಿಧಾನವನ್ನು ಬಳಸಿ 1977ರಲ್ಲಿ ವರದಿ ಪ್ರಕಟಿಸಿದರು. 1982ರಲ್ಲಿ ಆಕ್ಸ್‌ಫರ್ಡಿನ ಇಮಾನುಯೆಲ್ ಲೀ ಇದನ್ನು ಕ್ರೋನ್ಸ್ ರೋಗಿಗಳಲ್ಲಿ ಬಳಸಿದ ವರದಿ ಬಂದಿತು. ಕರುಳಿನ ಹಲವೆಡೆ ಕಿರಿದಾಗಿರುವವರಿಗೆ ಮತ್ತು ಈಗಾಗಲೇ ಒಮ್ಮೆ ಕರುಳು ಕಳೆದುಕೊಂಡವರಿಗೆ ಇದು ವಿಶೇಷವಾಗಿ ಉಪಯುಕ್ತ.

ಶಸ್ತ್ರಚಿಕಿತ್ಸೆಯನ್ನು ಬೆಂಬಲಿಸುವ ಎರಡನೇ ಅಭಿಪ್ರಾಯ

ಎರಡನೇ ಅಭಿಪ್ರಾಯದ ಉದ್ದೇಶ ಶಸ್ತ್ರಚಿಕಿತ್ಸೆಯನ್ನು ತಪ್ಪಿಸುವುದು ಎಂಬ ಗ್ರಹಿಕೆ ಸಾಮಾನ್ಯವಾಗಿದ್ದರೂ ಅದು ಪೂರ್ಣ ಸರಿಯಲ್ಲ. ಔಷಧ ಬದಲಾಯಿಸುತ್ತಾ ವರ್ಷಗಳನ್ನು ಕಳೆದವರಿಗೆ ಶಸ್ತ್ರಚಿಕಿತ್ಸೆಯನ್ನು ಬೇಗನೆ ಮಾಡಿಸಿಕೊಳ್ಳುವಂತೆ ಎರಡನೇ ತಜ್ಞರು ಸಲಹೆ ನೀಡುವುದೂ ಉಂಟು. ನೆದರ್ಲೆಂಡ್ಸ್ ಮತ್ತು ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಲಿರಿಕ್ ಅಧ್ಯಯನವು ಈ ವಿಷಯದಲ್ಲಿ ಮುಖ್ಯವಾದುದು. ಇಲಿಯಂನ ಕೊನೆಯ 40 ಸೆಂ.ಮೀ.ಗಿಂತ ಕಡಿಮೆ ಭಾಗಕ್ಕೆ ಸೀಮಿತವಾದ ಉರಿಯೂತವಿದ್ದು, ಸಾಂಪ್ರದಾಯಿಕ ಔಷಧಗಳು ಫಲಿಸದ 143 ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆಯನ್ನೂ ಮತ್ತೊಂದಕ್ಕೆ ಇನ್‌ಫ್ಲಿಕ್ಸಿಮ್ಯಾಬ್ ಔಷಧವನ್ನೂ ನೀಡಲಾಯಿತು. ಒಂದು ವರ್ಷದ ಬಳಿಕ ಎರಡೂ ಗುಂಪುಗಳ ಜೀವನ ಗುಣಮಟ್ಟ ಬಹುತೇಕ ಸಮಾನವಾಗಿತ್ತು. ಸುಮಾರು ಐದು ವರ್ಷಗಳ ಮುಂದುವರಿದ ಅವಲೋಕನದಲ್ಲಿ ಔಷಧ ಪಡೆದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಶಸ್ತ್ರಚಿಕಿತ್ಸೆ ಬೇಕಾಯಿತು. ಮೊದಲೇ ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಯಾರಿಗೂ ಎರಡನೇ ಬಾರಿ ಕರುಳು ತೆಗೆಯಬೇಕಾಗಲಿಲ್ಲ. ಆದರೆ ಈ ಫಲಿತಾಂಶವು ಸೀಮಿತ ಭಾಗದ, ತೊಡಕಿಲ್ಲದ ಕಾಯಿಲೆಗೆ ಮಾತ್ರ ಅನ್ವಯಿಸುತ್ತದೆ.

ತಡಮಾಡುವುದರಿಂದ ಆಗುವ ನಷ್ಟವೂ ಗಣನೆಗೆ ಬರುತ್ತದೆ. ಸ್ಟಿರಾಯ್ಡ್ ಸೇವನೆ ಮುಂದುವರಿಯುವುದು ಮತ್ತು ಅಪೌಷ್ಟಿಕತೆ ಹೆಚ್ಚುವುದು ಶಸ್ತ್ರಚಿಕಿತ್ಸೆಯ ನಂತರ ಸೋಂಕು ಹಾಗೂ ಹೊಲಿಗೆಯ ಸೋರಿಕೆಯ ಸಂಭವವನ್ನು ಹೆಚ್ಚಿಸುತ್ತವೆ. ಯೋಜಿತವಾಗಿ ನಡೆಯಬಹುದಾಗಿದ್ದ ಶಸ್ತ್ರಚಿಕಿತ್ಸೆ ತುರ್ತಾಗಿ ನಡೆಯಬೇಕಾಗಿ ಬಂದರೆ ತಾತ್ಕಾಲಿಕ ಸ್ಟೋಮಾದ ಸಾಧ್ಯತೆಯೂ ಹೆಚ್ಚುತ್ತದೆ. ಸ್ಟೋಮಾ ಎಂದರೆ ಮಲವು ಹೊಟ್ಟೆಯ ಮೇಲಿನ ಚೀಲಕ್ಕೆ ಬರುವಂತೆ ಮಾಡುವ ವ್ಯವಸ್ಥೆ.

ಅಭಿಪ್ರಾಯ ಪಡೆಯುವ ಕ್ರಮ

ಉರಿಯೂತದ ಕರುಳಿನ ಕಾಯಿಲೆಗಳಲ್ಲಿ ಅನುಭವವಿರುವ ಜಠರಕರುಳು ತಜ್ಞರು ಮತ್ತು ಕರುಳಿನ ಶಸ್ತ್ರವೈದ್ಯರು ಜಂಟಿಯಾಗಿ ಪರಿಶೀಲಿಸುವ ಕೇಂದ್ರಗಳು ಇದಕ್ಕೆ ಸೂಕ್ತ. ಇಂತಹ ಕೇಂದ್ರಗಳಲ್ಲಿ ರೇಡಿಯಾಲಜಿ ತಜ್ಞರು, ರೋಗಶಾಸ್ತ್ರಜ್ಞರು ಮತ್ತು ಆಹಾರತಜ್ಞರೂ ಸಭೆಯಲ್ಲಿ ಭಾಗವಹಿಸುತ್ತಾರೆ. ರೋಗಿಯು ಒದಗಿಸಬೇಕಾದ ದಾಖಲೆಗಳು ಹೀಗಿವೆ:

- ಸ್ಕ್ಯಾನ್‌ಗಳ ಲಿಖಿತ ವರದಿಯ ಜೊತೆಗೆ ಮೂಲ ಚಿತ್ರಗಳ ಸಿ.ಡಿ.
- ಕೊಲೊನೋಸ್ಕೋಪಿ ವರದಿ ಮತ್ತು ಚಿತ್ರಗಳು
- ಬಯಾಪ್ಸಿ ವರದಿ, ಸ್ಲೈಡುಗಳು ಮತ್ತು ಮೇಣದ ಬ್ಲಾಕುಗಳು
- ಔಷಧಗಳ ಹೆಸರು, ಪ್ರಮಾಣ, ಆರಂಭಿಸಿದ ಮತ್ತು ನಿಲ್ಲಿಸಿದ ದಿನಾಂಕ, ನಿಲ್ಲಿಸಿದ ಕಾರಣ
- ಹಿಂದಿನ ಶಸ್ತ್ರಚಿಕಿತ್ಸೆಯ ಟಿಪ್ಪಣಿಗಳು, ಅವುಗಳಲ್ಲಿ ಉಳಿದ ಕರುಳಿನ ಉದ್ದದ ದಾಖಲೆ
- ಇತ್ತೀಚಿನ ರಕ್ತಪರೀಕ್ಷೆಗಳು ಮತ್ತು ತೂಕದ ವಿವರ

ಎರಡು ಅಭಿಪ್ರಾಯಗಳು ಭಿನ್ನವಾದರೆ, ಯಾವ ಅಂಶದಲ್ಲಿ ಭಿನ್ನವಾಗಿವೆ ಎಂಬುದನ್ನು ಗುರುತಿಸಬೇಕಾಗುತ್ತದೆ. ರೋಗನಿರ್ಣಯದಲ್ಲಿ ಭಿನ್ನತೆಯಿದ್ದರೆ ಹೆಚ್ಚಿನ ಪರೀಕ್ಷೆ ಬೇಕು. ಸಮಯ ಅಥವಾ ವಿಧಾನದಲ್ಲಿ ಮಾತ್ರ ಭಿನ್ನತೆಯಿದ್ದರೆ, ಎರಡನೇ ವರದಿಯನ್ನು ಮೊದಲ ವೈದ್ಯರಿಗೆ ತೋರಿಸಿ ಅವರ ಕಾರಣಗಳನ್ನು ಕೇಳುವುದರಿಂದ ಗೊಂದಲ ಪರಿಹಾರವಾಗಬಹುದು. ತಮಗೆ ಹಿತವೆನಿಸುವ ಉತ್ತರ ಸಿಗುವವರೆಗೆ ವೈದ್ಯರನ್ನು ಬದಲಾಯಿಸುತ್ತಾ ಹೋಗುವುದು ಚಿಕಿತ್ಸೆಯ ನಿರಂತರತೆಗೆ ಧಕ್ಕೆ ತರುತ್ತದೆ.

ರೋಗಿಯ ಹಕ್ಕುಗಳು

ಭಾರತದಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಎರಡನೇ ಅಭಿಪ್ರಾಯ ಪಡೆಯುವ ಹಕ್ಕನ್ನು ಪ್ರತ್ಯೇಕವಾಗಿ ಹೆಸರಿಸಿದೆ. ಅದರಂತೆ ಆಸ್ಪತ್ರೆಯು ಅಗತ್ಯ ದಾಖಲೆಗಳನ್ನು ವಿಳಂಬವಿಲ್ಲದೆ ಒದಗಿಸಬೇಕು ಮತ್ತು ಎರಡನೇ ಅಭಿಪ್ರಾಯ ಕೇಳಿದ ಕಾರಣಕ್ಕೆ ರೋಗಿಯ ಬಗ್ಗೆ ತಾರತಮ್ಯ ತೋರಬಾರದು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ, ರೋಗಿಯು ಕೋರಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ನೀಡಬೇಕು. ಬ್ರಿಟನ್ನಿನಲ್ಲಿ ಜನರಲ್ ಮೆಡಿಕಲ್ ಕೌನ್ಸಿಲ್, ರೋಗಿಯ ಈ ಹಕ್ಕನ್ನು ವೈದ್ಯರು ಗೌರವಿಸಬೇಕೆಂದು ಸೂಚಿಸುತ್ತದೆ. ಅಮೆರಿಕದ ಮೆಡಿಕೇರ್ ವಿಮೆಯು ತುರ್ತಲ್ಲದ ಶಸ್ತ್ರಚಿಕಿತ್ಸೆಗೆ ಮುನ್ನ ಪಡೆಯುವ ಎರಡನೇ ಅಭಿಪ್ರಾಯದ ವೆಚ್ಚವನ್ನು ಭರಿಸುವ ಅವಕಾಶ ಹೊಂದಿದೆ.

ಶಸ್ತ್ರಚಿಕಿತ್ಸೆಯ ನಂತರದ ಯೋಜನೆ

ಉತ್ತಮ ಎರಡನೇ ಅಭಿಪ್ರಾಯವು ಶಸ್ತ್ರಚಿಕಿತ್ಸೆಯ ದಿನಕ್ಕೆ ಕೊನೆಗೊಳ್ಳುವುದಿಲ್ಲ. ಕರುಳನ್ನು ಜೋಡಿಸಿದ ಸ್ಥಳದಲ್ಲಿ, ವಿಶೇಷವಾಗಿ ಅದರ ಮೇಲ್ಭಾಗದ ಇಲಿಯಂನಲ್ಲಿ, ಕಾಯಿಲೆ ಮರುಕಳಿಸುವುದು ಸಾಮಾನ್ಯ. ರೋಗಲಕ್ಷಣಗಳು ಕಾಣಿಸುವುದಕ್ಕೆ ಬಹಳ ಮುಂಚೆಯೇ ಹುಣ್ಣುಗಳು ಆರಂಭವಾಗಿರುತ್ತವೆ. ಆದ್ದರಿಂದ 6ರಿಂದ 12 ತಿಂಗಳೊಳಗೆ ಕೊಲೊನೋಸ್ಕೋಪಿ ಮಾಡಿ, ಅದರ ಆಧಾರದ ಮೇಲೆ ಔಷಧವನ್ನು ನಿರ್ಧರಿಸಲಾಗುತ್ತದೆ. ಧೂಮಪಾನವು ಮರುಕಳಿಕೆಯ ಸಂಭವವನ್ನು ಹೆಚ್ಚಿಸುವುದರಿಂದ ಅದನ್ನು ತ್ಯಜಿಸುವುದು ರೋಗಿಯ ಕೈಯಲ್ಲಿರುವ ಅತಿ ಮುಖ್ಯ ಕ್ರಮ.

ಇಲಿಯಂನ ಕೊನೆಯ ಭಾಗವು ವಿಟಮಿನ್ ಬಿ12 ಮತ್ತು ಪಿತ್ತಾಮ್ಲಗಳನ್ನು ಹೀರಿಕೊಳ್ಳುವ ಸ್ಥಳ. ಅದನ್ನು ತೆಗೆದವರಲ್ಲಿ ಕೆಲವರಿಗೆ ಜೀವನಪರ್ಯಂತ ಬಿ12 ಚುಚ್ಚುಮದ್ದು ಬೇಕಾಗಬಹುದು. ಪಿತ್ತಾಮ್ಲಗಳಿಂದ ಭೇದಿಯೂ ಉಂಟಾಗಬಹುದು. ಪದೇ ಪದೇ ಕರುಳು ತೆಗೆದು ಸಣ್ಣ ಕರುಳಿನ ಉದ್ದ 200 ಸೆಂ.ಮೀ.ಗಿಂತ ಕಡಿಮೆಯಾದರೆ, ಆಹಾರದಿಂದ ಸಾಕಷ್ಟು ಪೋಷಕಾಂಶ ಹೀರಲಾಗದ ಕಿರುಗರುಳಿನ ಸ್ಥಿತಿಯ ಅಪಾಯವಿರುತ್ತದೆ. ಹೀಗಾಗಿ ಎಷ್ಟು ಕರುಳನ್ನು ತೆಗೆಯಲಾಗುತ್ತದೆ, ಎಷ್ಟು ಉಳಿಯುತ್ತದೆ ಮತ್ತು ಮರುಕಳಿಕೆಯನ್ನು ತಡೆಯಲು ಏನು ಯೋಜನೆಯಿದೆ ಎಂಬ ಮೂರು ಪ್ರಶ್ನೆಗಳಿಗೆ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ನೀಡುವ ಮೊದಲೇ ಉತ್ತರ ಪಡೆಯುವುದು ಅಗತ್ಯವಾಗಿದೆ.