ಚೀಟಿ ಓದುವವರು ಬೇಕಾಗಿದ್ದಾರೆ

ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದ ಕಾಲದಲ್ಲಿ ನನ್ನ ತರಗತಿಯಲ್ಲಿ ಒಂದು ನಿಯಮವಿತ್ತು. ಒತ್ತಿ ಒಣಗಿಸಿದ ಗಿಡ ಸುಕ್ಕಾಗಿದ್ದರೆ ಒಂದು ಅಂಕ ಕಡಿತ. ಹಾಳೆಯ ಮೂಲೆಯಲ್ಲಿ ಚೀಟಿ ಇಲ್ಲದಿದ್ದರೆ ಪೂರ್ತಿ ಸೊನ್ನೆ. ‘ಮೇಡಂ, ಹೂ ಎಷ್ಟು ಚೆನ್ನಾಗಿ ಉಳಿದಿದೆ ನೋಡಿ’ ಎಂದು ಮಕ್ಕಳು ಗೋಗರೆದರೂ ನಾನು ಜಗ್ಗುತ್ತಿರಲಿಲ್ಲ. ಯಾವ ಊರು, ಯಾವ ತಾರೀಕು, ಕಿತ್ತವರು ಯಾರು ಎಂಬುದು ಗೊತ್ತಿಲ್ಲದ ಗಿಡದಿಂದ ವಿಜ್ಞಾನಕ್ಕೆ ಹೆಚ್ಚೇನೂ ಸಿಗುವುದಿಲ್ಲ.

ನಿವೃತ್ತಳಾದ ಮೇಲೂ ಚೀಟಿ ನನ್ನನ್ನು ಬಿಟ್ಟಿಲ್ಲ. ಈಗ ಮಂಗಳೂರಿನ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಹಳೆಯ ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ಹಾಳೆಗಳನ್ನು ಓದುತ್ತೇನೆ. ಪ್ಯಾರಿಸ್‌ನ ನಿಸರ್ಗ ಇತಿಹಾಸ ಮ್ಯೂಸಿಯಂ 50 ಲಕ್ಷಕ್ಕೂ ಹೆಚ್ಚು ಹಾಳೆಗಳ ಫೋಟೋ ತೆಗೆದು ಅಂತರ್ಜಾಲಕ್ಕೆ ಏರಿಸಿದೆ. ನಮ್ಮ ಸಸ್ಯ ಸರ್ವೇಕ್ಷಣ ಇಲಾಖೆ 2022ರಲ್ಲಿ ‘ಇಂಡಿಯನ್ ವರ್ಚುವಲ್ ಹರ್ಬೇರಿಯಂ’ ತೆರೆಯಿತು. ಹಾಸನ ಜಿಲ್ಲೆಯ ಸಸ್ಯಗಳ ಬಗ್ಗೆ 1976ರಲ್ಲಿ ಡ್ಯಾನ್ ನಿಕಲ್ಸನ್ ಜತೆ ಹೆಬ್ಬೊತ್ತಗೆ ತಂದ ಸಿಸಿಲ್ ಸಲ್ದಾನಾ ಅವರ ಸಂಗ್ರಹ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ.

ಫೋಟೋ ತೆಗೆಯುವ ಕ್ರಮ ಸರಳ. ಹಾಳೆಗೊಂದು ಬಾರ್‌ಕೋಡ್, ಪಕ್ಕದಲ್ಲಿ ಅಳತೆಪಟ್ಟಿ ಮತ್ತು ಬಣ್ಣದ ಪಟ್ಟಿ, ಮೇಲಿನಿಂದ ಕ್ಯಾಮೆರಾ. ಹಿಂದೆ ಹುಳ ಹಿಡಿಯದಿರಲೆಂದು ಗಿಡಗಳಿಗೆ ಪಾದರಸದ ವಿಷ ಹಚ್ಚುತ್ತಿದ್ದುದರಿಂದ ಹಳೆಯ ಹಾಳೆ ಮುಟ್ಟುವವರು ಕೈಗವಸು ಹಾಕಿಕೊಳ್ಳಬೇಕು. ಅಸಲು ಕಷ್ಟ ಶುರುವಾಗುವುದು ಇದಾದ ಮೇಲೆ. ಚೀಟಿಯಲ್ಲಿರುವುದನ್ನು ಓದಿ ಟೈಪ್ ಮಾಡುವ ತನಕ ಆ ಚಿತ್ರವನ್ನು ಊರಿನ ಹೆಸರಿನಿಂದ ಹುಡುಕಲು ಬರುವುದಿಲ್ಲ. ಅಚ್ಚಿನ ಅಕ್ಷರವನ್ನು ಯಂತ್ರ ಓದಿಬಿಡುತ್ತದೆ. ಮಾಸಿದ ಕೈಬರಹ ಬಂದರೆ ಎಡವುತ್ತದೆ.

ಓದಿದರೂ ಮುಗಿಯಲಿಲ್ಲ. 19ನೇ ಶತಮಾನದ ನಡುಭಾಗದಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿ ಮೆಟ್ಸ್ ಮೊದಲಾದವರು ನಮ್ಮ ಕಡೆ ಕಿತ್ತ ಗಿಡಗಳನ್ನು ಹೋಹೆನಾಕರ್ ಎಂಬ ಜರ್ಮನ್ ಭಾಷಿಕ ಸಸ್ಯತಜ್ಞ ಯುರೋಪಿನ ಹರ್ಬೇರಿಯಂಗಳಿಗೆ ಹಂಚಿದ. ಅವನ ಅಚ್ಚಿನ ಚೀಟಿಯಲ್ಲಿ ಹಲವೆಡೆ ‘ಮಂಗಳೂರು ಪಟ್ಟಣದ ಬಳಿ’ ಎಂದು ಲ್ಯಾಟಿನ್‌ನಲ್ಲಿದೆ, ಅಷ್ಟೇ. ಇದನ್ನು ನಕಾಶೆಯಲ್ಲಿ ಎಲ್ಲಿ ಗುರುತಿಸುವುದು? ಊರಿನ ನಟ್ಟನಡುವೆ ಚುಕ್ಕಿ ಇಟ್ಟರೆ ಉಪ್ಪುನೀರಿನ ಕಾಂಡ್ಲಾ ಗಿಡ ಹಂಪನಕಟ್ಟೆಯ ಸಿಗ್ನಲ್‌ನಲ್ಲಿ ಬೆಳೆದಂತಾಗುತ್ತದೆ! ಅದಕ್ಕಾಗಿ ಚುಕ್ಕಿಯ ಜತೆಗೆ ‘ಸುತ್ತ ಇಷ್ಟು ಕಿಲೋಮೀಟರ್ ಆಚೀಚೆ ಇರಬಹುದು’ ಎಂದೂ ದಾಖಲಿಸುತ್ತಾರೆ. ಊರು ಬಲ್ಲವರು ಇದ್ದರೆ, ನೇತ್ರಾವತಿ, ಗುರುಪುರ ನದಿಗಳ ಅಳಿವೆ ಕಡೆಯದ್ದಿರಬೇಕು ಎಂಬ ಟಿಪ್ಪಣಿಯನ್ನು, ಊಹೆ ಎಂದು ಸ್ಪಷ್ಟವಾಗಿ ಹೇಳಿ, ಸೇರಿಸಬಹುದು. ‘ಮೈಸೂರು’ ಎಂದಷ್ಟೇ ಇದ್ದರೆ ಅದು ನಗರವೋ, 1973ರವರೆಗೆ ಆ ಹೆಸರಿನಲ್ಲಿದ್ದ ರಾಜ್ಯವೋ ಎಂದು ತಾರೀಕು ನೋಡಿ ತೂಗಬೇಕು.

ಇಷ್ಟು ತಲೆಕೆಡಿಸಿಕೊಳ್ಳುವುದೇಕೆ? ಒಂದು ಗಿಡ ನೂರು ವರ್ಷದ ಹಿಂದೆ ಯಾವ ತಿಂಗಳು ಹೂ ಬಿಡುತ್ತಿತ್ತು, ಈಗ ಯಾವಾಗ ಬಿಡುತ್ತದೆ, ಯಾವ ಕಳೆ ಎಲ್ಲಿಂದ ಎಲ್ಲಿಗೆ ಹಬ್ಬಿತು, ಯಾವ ಗುಡ್ಡದಿಂದ ಯಾವ ಜಾತಿ ಮಾಯವಾಯಿತು ಎಂಬುದಕ್ಕೆ ಸಾಕ್ಷಿ ಈ ಚೀಟಿಗಳಲ್ಲಿದೆ. ಆದರೆ ಸಾಕ್ಷಿಗೂ ಮಿತಿಯಿದೆ. ಗಿಡ ಸಂಗ್ರಹಿಸುವವರು ಹೆಚ್ಚಾಗಿ ರಸ್ತೆ, ರೈಲು ಇದ್ದ ಕಡೆ ಹೋದವರು. ಒಂದು ಕಾಡಿನ ಹಾಳೆ ಇಲ್ಲವೆಂದರೆ ಅಲ್ಲಿ ಗಿಡ ಇರಲಿಲ್ಲ ಎಂದು ಅರ್ಥವಲ್ಲ. ಇನ್ನು ಕಳ್ಳರ ಕಣ್ಣಿರುವ ಅಪರೂಪದ ಆರ್ಕಿಡ್‌ಗಳ ನಿಖರ ಜಾಗವನ್ನು ಬೇಕೆಂದೇ ಮಸುಕು ಮಾಡಿ ಪ್ರಕಟಿಸುವುದೂ ಉಂಟು.

‘ಫೋಟೋ ಬಂತಲ್ಲ, ಹಳೇ ಹಾಳೆ ಯಾಕೆ?’ ಎಂದು ಕೇಳುವವರಿದ್ದಾರೆ. ಇಯಾನ್ ವುಡ್‌ವರ್ಡ್ ಎಂಬ ವಿಜ್ಞಾನಿ ಹರ್ಬೇರಿಯಂ ಎಲೆಗಳ ಪತ್ರರಂಧ್ರಗಳನ್ನು ಎಣಿಸಿ, 200 ವರ್ಷಗಳಲ್ಲಿ ಅವುಗಳ ಸಾಂದ್ರತೆ ಸುಮಾರು ಶೇ. 40ರಷ್ಟು ಇಳಿದಿದೆ ಎಂದು 1987ರಲ್ಲಿ ತೋರಿಸಿದರು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ ಗುರುತು ಅದು. ಅಂಥ ಎಣಿಕೆಗೆ ನಿಜವಾದ ಎಲೆಯೇ ಬೇಕು.

ಹಾಗೆಂದು ಫೋಟೋವನ್ನು ಹಗುರವಾಗಿ ಕಾಣುವಂತಿಲ್ಲ. ಷಿಕಾಗೋದ ಫೀಲ್ಡ್ ಮ್ಯೂಸಿಯಂ ಪರವಾಗಿ ಸಸ್ಯತಜ್ಞ ಮ್ಯಾಕ್‌ಬ್ರೈಡ್ 1929ರಿಂದ ಯುರೋಪಿನ ಹರ್ಬೇರಿಯಂಗಳಲ್ಲಿ, ಹೊಸ ಜಾತಿಗೆ ಹೆಸರಿಡುವಾಗ ಆಧಾರವಾಗಿದ್ದ ಮೂಲ ಮಾದರಿಗಳ ಫೋಟೋ ತೆಗೆದರು. 1943ರ ಮಾರ್ಚ್‌ನಲ್ಲಿ ಬಾಂಬ್ ಬಿದ್ದು ಬರ್ಲಿನ್ ಹರ್ಬೇರಿಯಂನ ಬಹುಭಾಗ ಸುಟ್ಟುಹೋಯಿತು. ಅಲ್ಲಿನ ಎಷ್ಟೋ ಮೂಲ ಮಾದರಿಗಳು ಇಂದು ಆ ಕಪ್ಪುಬಿಳುಪು ನೆಗೆಟಿವ್‌ಗಳಲ್ಲಿ ಮಾತ್ರ ಉಳಿದಿವೆ.

ದೊಡ್ಡ ಸಂಸ್ಥೆಗಳಿಗೆ ಕ್ಯಾಮೆರಾ, ಹಣ ಎರಡೂ ಇವೆ. ಆದರೆ ಚೀಟಿಯಲ್ಲಿ ಬರುವ ಸುಳ್ಯ, ಶಿರಸಿ, ಸಕಲೇಶಪುರದ ಹಳ್ಳಿ ಹೆಸರು ಬಲ್ಲವರು ಅವುಗಳಲ್ಲಿ ಕಡಿಮೆ. ಆ ಊರುಗಳ ಕಾಲೇಜು ಮಕ್ಕಳಿಗೆ ಆ ಹೆಸರುಗಳು ಗೊತ್ತಿವೆ. ತಮ್ಮ ಕಾಲೇಜಿನ ಬೀರುವಿನಲ್ಲಿರುವ ಹಾಳೆಗಳ ಚೀಟಿಗಳನ್ನು ಓದಿ ಪಟ್ಟಿ ಮಾಡುವುದರಿಂದಲೇ ಅವರು ಶುರು ಮಾಡಲಿ. ಕ್ಯಾಮೆರಾ ಆಮೇಲೆ ಬಂದರೂ ನಡೆಯುತ್ತದೆ.