ಮೋಡದೊಳಗಿನ ತಂತಿಯ ಲೆಕ್ಕವನ್ನು ಎಷ್ಟು ನಂಬಬೇಕು?

ಸೊನ್ನೆ ಡಿಗ್ರಿಗೆ ನೀರು ಹೆಪ್ಪುಗಟ್ಟುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೇವೆ. ಮೋಡದಲ್ಲಿ ಹಾಗಾಗಲೇಬೇಕೆಂದಿಲ್ಲ. ಧೂಳಿನ ಕಣದಂಥ ಆಸರೆ ಸಿಗದಿದ್ದರೆ ಸಣ್ಣ ಹನಿಗಳು ಮೈನಸ್ 20 ಡಿಗ್ರಿಯಲ್ಲೂ ದ್ರವವಾಗಿಯೇ ತೇಲುತ್ತಿರುತ್ತವೆ. ಆಸರೆಯೇ ಇಲ್ಲದೆ ಅವು ಗಟ್ಟಿಯಾಗುವುದು ಸುಮಾರು ಮೈನಸ್ 38ರ ಆಸುಪಾಸಿನಲ್ಲಿ. ಸೊನ್ನೆಗಿಂತ ತಣ್ಣಗಿದ್ದೂ ದ್ರವವಾಗಿಯೇ ಉಳಿದ ಇಂಥ ನೀರೇ ಅತಿಶೀತಲ ನೀರು. ಇಂಥ ಹನಿಗೆ ವಿಮಾನದ ರೆಕ್ಕೆ ತಗುಲಿದೊಡನೆ ಅದು ಮಂಜುಗಡ್ಡೆಯಾಗಿ ಅಂಟಿಕೊಳ್ಳುತ್ತದೆ. 1994ರ ಅಕ್ಟೋಬರ್ 31ರಂದು ಅಮೆರಿಕದ ಇಂಡಿಯಾನಾ ರಾಜ್ಯದ ರೋಸ್‌ಲಾನ್ ಬಳಿ ಎಟಿಆರ್-72 ವಿಮಾನವೊಂದು ಉರುಳಿ 68 ಜನ ಸತ್ತದ್ದು ಹೀಗೆಯೇ. ರೆಕ್ಕೆಯ ಮುಂಭಾಗದ ಮಂಜು ಒಡೆಯುವ ರಬ್ಬರ್ ಪಟ್ಟಿಗಳ ಹಿಂದೆ, ಅವು ಮುಟ್ಟಲಾಗದ ಕಡೆ, ಮಂಜುಗಡ್ಡೆ ಕಟ್ಟಿಕೊಂಡಿತ್ತು. ಅಲ್ಲಿದ್ದ ಹನಿಗಳು ವಿಮಾನಗಳ ಪರೀಕ್ಷಾ ನಿಯಮಗಳು ಅಂದಾಜಿಸಿದ್ದಕ್ಕಿಂತ ದೊಡ್ಡವು. ಮೋಡದಲ್ಲಿ ಇಂಥ ನೀರು ಎಷ್ಟು ಎತ್ತರದಲ್ಲಿ, ಎಷ್ಟು ಪ್ರಮಾಣದಲ್ಲಿದೆ ಎಂದು ಅಳೆಯುವುದು ಹಾಗಾಗಿ ಜೀವದ ಪ್ರಶ್ನೆ.

ಈ ಅಳತೆಗೆ ಹವಾಮಾನ ಬಲೂನಿನಲ್ಲಿ ಕಟ್ಟಿ ಕಳಿಸುವ ಒಂದು ಸರಳ ಉಪಕರಣವಿದೆ. ಒಂದು ತುದಿಯನ್ನು ಬಿಗಿದು ಇನ್ನೊಂದು ತುದಿಯನ್ನು ಬಿಟ್ಟಿರುವ ಉಕ್ಕಿನ ತಂತಿಯನ್ನು ಮತ್ತೆಮತ್ತೆ ಮಿಡಿಯಲಾಗುತ್ತದೆ. ಮಂಜುಗಡ್ಡೆ ಹತ್ತಿ ಭಾರವಾದಂತೆ ತಂತಿಯ ಕಂಪನ ನಿಧಾನವಾಗುತ್ತದೆ. ಎಷ್ಟು ಬೇಗ ನಿಧಾನವಾಯಿತು ಎಂಬುದರಿಂದ ನೀರಿನ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ಹಿಲ್ ಮತ್ತು ವಾಫಿಂಡೆನ್ ಎಂಬವರು 1980ರಲ್ಲಿ ಇದನ್ನು ವಿವರಿಸಿದರು. ಇತ್ತೀಚಿನ ದಶಕಗಳಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಅನಾಸ್ಫಿಯರ್ ಕಂಪನಿ ಅದನ್ನು ಹೊಸದಾಗಿ ರೂಪಿಸಿತು. ಇದರ ಒಂದು ಗುಣ ನನಗೆ ಬಹಳ ಮುಖ್ಯವೆನಿಸುತ್ತದೆ: ಮೋಡದಲ್ಲಿ ಮೊದಲೇ ಗಟ್ಟಿಯಾಗಿರುವ ಹರಳುಗಳು ತಂತಿಗೆ ಬಡಿದು ಬಹುಪಾಲು ಸಿಡಿದುಹೋಗುತ್ತವೆ, ಅಂಟುವುದು ದ್ರವದ ಹನಿಗಳೇ. ಮಂಜು ಮತ್ತು ನೀರು ಬೆರೆತ ಮೋಡದಲ್ಲಿ ರಾಡಾರ್‌ಗೆ ಕಷ್ಟವಾಗುವ ವಿಂಗಡಣೆಯನ್ನು ತಂತಿ ತಾನಾಗಿ ಮಾಡುತ್ತದೆ.

ಆದರೆ ಆ ಅಳತೆ ಎಷ್ಟು ನಾಜೂಕು ನೋಡಿ. ತಂತಿ 0.6 ಮಿಲಿಮೀಟರ್ ದಪ್ಪ, 9 ಸೆಂಟಿಮೀಟರ್ ಉದ್ದ ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 5 ಮೀಟರ್ ಏರುವ ಬಲೂನು 500 ಮೀಟರ್ ದಪ್ಪದ ಮೋಡವನ್ನು 100 ಸೆಕೆಂಡಿನಲ್ಲಿ ದಾಟುತ್ತದೆ. ಪ್ರತಿ ಘನ ಮೀಟರಿನಲ್ಲಿ 0.2 ಗ್ರಾಂ ನೀರಿದ್ದು, ಎದುರಾದ ಹನಿಯೆಲ್ಲ ಅಂಟಿದರೂ ತಂತಿಗೆ ಸೇರುವುದು ಐದೂವರೆ ಮಿಲಿಗ್ರಾಂನಷ್ಟು. ತಂತಿಯ ತೂಕವೇ 200 ಮಿಲಿಗ್ರಾಂ. ಅಂದರೆ ಕಂಪನದಲ್ಲಿ ಶೇಕಡಾ ಒಂದು ಚಿಲ್ಲರೆಯ ಬದಲಾವಣೆಯನ್ನು ಹಿಡಿಯಬೇಕು. ಜೊತೆಗೆ ಎದುರಾದ ಹನಿಗಳೆಲ್ಲ ಅಂಟುವುದೂ ಇಲ್ಲ. ತೀರಾ ಸಣ್ಣವು ಗಾಳಿಯ ಹರಿವಿನೊಂದಿಗೆ ತಂತಿಯ ಪಕ್ಕದಿಂದ ಸರಿದುಹೋಗುತ್ತವೆ, ದೊಡ್ಡವು ನೇರ ಬಡಿಯುತ್ತವೆ. ಹನಿಯ ಗಾತ್ರವನ್ನು ತಂತಿ ಹೇಳುವುದಿಲ್ಲ. ನಾವು ಊಹಿಸಿ ಸೂತ್ರಕ್ಕೆ ಹಾಕುತ್ತೇವೆ. ಉಪಕರಣದ ಪರೀಕ್ಷೆಯಲ್ಲಿ ಹೆಚ್ಚಿನ ಶ್ರಮ ಹೋಗಬೇಕಾದದ್ದು ಈ ಊಹೆಯ ಮೇಲೆ ಎಂಬುದೇ ನನ್ನ ವಾದ. ಉಪಕರಣ ಕೆಲಸ ಮಾಡುತ್ತದೆಯೇ ಎಂದು ಕೇಳಿದರೆ ಹೌದು ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಎಲ್ಲಿ, ಎಷ್ಟು ತಪ್ಪುತ್ತದೆ ಎಂಬುದಕ್ಕೆ ಉತ್ತರ ಹುಡುಕಬೇಕು.

ಇದಕ್ಕೆ ಪ್ರಯೋಗಶಾಲೆ ಸಾಲದೇ ಎಂದು ಕೇಳಬಹುದು. ಕ್ಲೀವ್‌ಲ್ಯಾಂಡ್‌ನಲ್ಲಿರುವ ನಾಸಾದ ಗ್ಲೆನ್ ಕೇಂದ್ರದಲ್ಲಿ 1944ರಿಂದಲೂ ಮಂಜು ಕಟ್ಟುವ ಗಾಳಿ ಸುರಂಗವಿದೆ. ಅಲ್ಲಿ ಹನಿಯ ಗಾತ್ರ, ಚಳಿ, ನೀರಿನ ಪ್ರಮಾಣ ಎಲ್ಲವನ್ನೂ ಬೇಕಾದಂತೆ ಹೊಂದಿಸಬಹುದು. ಆದರೆ ಅದನ್ನು ಕಟ್ಟಿರುವುದು ವಿಮಾನದ ವೇಗಕ್ಕೆ. ಬಲೂನಿನ ನಿಧಾನ ಏರಿಕೆಯಲ್ಲಿ ಹನಿಗಳು ತಂತಿಯನ್ನು ತಪ್ಪಿಸಿಕೊಳ್ಳುವ ರೀತಿಯೇ ಬೇರೆ. ಮೇಲಾಗಿ ನಿಜವಾದ ಹಾರಾಟದಲ್ಲಿ ಬಲೂನು ತೂಗಾಡುತ್ತದೆ, ಚಳಿಗೆ ಉಕ್ಕು ತುಸು ಗಡುಸಾಗಿ ಕಂಪನ ತಾನಾಗಿ ಏರುತ್ತದೆ, ಕಟ್ಟಿದ ಮಂಜಿನ ಚೂರು ನಡುವೆ ಉದುರಬಹುದು. ಆದ್ದರಿಂದ ನಿಜವಾದ ಮೋಡಕ್ಕೇ ಕಳಿಸಿ, ನೆಲದ ಮೇಲಿನ ಬೇರೆ ಉಪಕರಣಗಳೊಂದಿಗೆ ಹೋಲಿಸಬೇಕು. ನಾಸಾ ಈ ತಂತಿಯ ಉಪಕರಣದ 2014ರ ಚಳಿಗಾಲದ ಹಾರಾಟಗಳ ಮಾಹಿತಿಯನ್ನು ತನ್ನ ನೆಲದ ವ್ಯವಸ್ಥೆಯ ರಾಡಾರ್ ಮತ್ತು ಮೈಕ್ರೋವೇವ್ ರೇಡಿಯೋಮೀಟರ್ ಕೊಟ್ಟ ಅಂದಾಜಿಗೂ ಪೈಲಟ್‌ಗಳ ವರದಿಗಳಿಗೂ ಹೀಗೆಯೇ ಹೋಲಿಸಿತು.

ಈ ಹೋಲಿಕೆಗೂ ಒಂದು ಗಟ್ಟಿ ಆಕ್ಷೇಪವಿದೆ. ರೇಡಿಯೋಮೀಟರ್ ನೋಡುವುದು ತಲೆಯ ಮೇಲಿನ ನೀರಿನ ಒಟ್ಟು ಮೊತ್ತವನ್ನು. ಬಲೂನು ಗಾಳಿಗೆ ಸಿಕ್ಕು ಕಿಲೋಮೀಟರ್‌ಗಟ್ಟಲೆ ಆಚೆ ಸಾಗಿರುತ್ತದೆ. ಎರಡೂ ಕಂಡದ್ದು ಒಂದೇ ಮೋಡವಲ್ಲ. ಈ ಮಾತು ಸರಿ, ಆದ್ದರಿಂದಲೇ ಒಂದು ಹಾರಾಟದ ಹೊಂದಾಣಿಕೆಗೆ ಬೆಲೆ ಕಡಿಮೆ. ಹಲವು ಹಾರಾಟಗಳಲ್ಲಿ ವ್ಯತ್ಯಾಸ ಒಂದೇ ಕಡೆಗೆ ವಾಲುತ್ತಿದ್ದರೆ ಮಾತ್ರ ಅದನ್ನು ಮೋಡದ ಚಂಚಲತೆಯ ಮೇಲೆ ಹೊರಿಸಲು ಬರುವುದಿಲ್ಲ. ಒಟ್ಟು ಮೊತ್ತ ಹೊಂದಿದರೂ ಸಾಲದು: ಕೆಳಪದರದಲ್ಲಿ ಹೆಚ್ಚು, ಮೇಲಿನದರಲ್ಲಿ ಕಡಿಮೆ ತೋರಿಸಿ ಎರಡು ತಪ್ಪು ಸೇರಿ ಸರಿಯಾದ ಮೊತ್ತ ಬರಬಹುದು. ಪೈಲಟ್‌ಗೆ ಬೇಕಾದದ್ದು ಪದರದ ಲೆಕ್ಕವೇ.

ಹಿಮ ಬೀಳದ ನಾಡಿನ ನಮಗೇಕೆ ಇದು ಎನ್ನುವವರು ಮೋಡಬಿತ್ತನೆಯನ್ನು ನೆನೆಯಬಹುದು. ಕರ್ನಾಟಕದಲ್ಲಿ 2017ರಲ್ಲೂ ಅದು ನಡೆಯಿತು. ನಮ್ಮ ಮಳೆಗಾಲದ ಎತ್ತರದ ಮೋಡಗಳು ಸುಮಾರು 5 ಕಿಲೋಮೀಟರ್ ಮೇಲಕ್ಕೆ ಹೋದರೆ ಸೊನ್ನೆಗಿಂತ ತಣ್ಣಗಿರುತ್ತವೆ, ಅಲ್ಲಿ ಬಿತ್ತನೆಗೆ ಬಳಸುವ ಸಿಲ್ವರ್ ಅಯೋಡೈಡ್ ಫಲ ಕೊಡಲು ಅತಿಶೀತಲ ನೀರು ಇರಲೇಬೇಕು. ಅದಿಲ್ಲದ ಮೋಡಕ್ಕೆ ಆ ರಾಸಾಯನಿಕವನ್ನು ಬಿತ್ತಿ ಪ್ರಯೋಜನವಿಲ್ಲ.

ಉಳಿದದ್ದು ಹನಿಯ ಗಾತ್ರದ ತೊಡಕು. ಒಂದೇ ಬಲೂನಿಗೆ ಬೇರೆಬೇರೆ ದಪ್ಪದ ಎರಡು ತಂತಿ ಕಟ್ಟಿದರೆ ದಾರಿ ತೆರೆಯಬಹುದು ಎನಿಸುತ್ತದೆ. ತೆಳು ತಂತಿ ಸಣ್ಣ ಹನಿಗಳನ್ನು ಹೆಚ್ಚು ಚೆನ್ನಾಗಿ ಹಿಡಿಯುತ್ತದೆ; ಹನಿಗಳು ದೊಡ್ಡವಾದಂತೆ ಎರಡರ ಲೆಕ್ಕ ಹತ್ತಿರ ಬರಬೇಕು. ಎರಡರ ಅಂತರವೇ ಗಾತ್ರದ ಸುಳಿವು. ಇದು ನಿಲ್ಲುತ್ತದೆಯೇ ಎಂಬುದನ್ನೂ ಮೋಡದಲ್ಲೇ ಪರೀಕ್ಷಿಸಬೇಕು, ಮತ್ತು ಅಂತಿಮ ಅಂಕಿಯ ಜೊತೆಗೆ ತಂತಿಯ ಮೂಲ ಕಂಪನದ ದಾಖಲೆಯನ್ನೂ ಪ್ರಕಟಿಸಬೇಕು. ಇಂದಿನ ಊಹೆ ತಪ್ಪೆಂದು ತಿಳಿದ ದಿನ, ಹಳೆಯ ಹಾರಾಟಗಳನ್ನು ಆಗ ಹೊಸದಾಗಿ ಲೆಕ್ಕ ಹಾಕಬಹುದು.